ಚಿಂತಾಮಣಿಯಿಂದ ಬೆಂಗಳೂರಿಗೋ ಹೈದರಾಬಾದಿಗೋ? ಮನೆ ಎತ್ತೋ ಮುಂಚೆ ಒಂದು ಲೆಕ್ಕ

ಪ್ರಶ್ನೆ: ನಮ್ದು ಚಿಂತಾಮಣಿ. ನಮ್ಮೆಜಮಾನ್ರು ಬೆಂಗಳೂರಿನ ಬೆಳ್ಳಂದೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಮೂರು ವರ್ಷದಿಂದ ದಿನಾ ಅಪ್ ಅಂಡ್ ಡೌನ್ ಮಾಡ್ತಿದ್ದಾರೆ, ಇನ್ನು ಆಗಲ್ಲ ಅಂತಿದ್ದಾರೆ. ಈಗ ಹೈದರಾಬಾದಿನ ಒಂದು ಕಂಪನಿಯಿಂದ ಆಫರ್ ಬಂದಿದೆ, ಕೈಗೆ ಬರೋದು 80 ಸಾವಿರದಿಂದ 1 ಲಕ್ಷ ಆಗುತ್ತೆ. ನಾನು ಇಲ್ಲೇ ಪ್ರೈವೇಟ್ ಸ್ಕೂಲಲ್ಲಿ ಕನ್ನಡ ಟೀಚರ್. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ಅತ್ತೆ ನಮ್ಜೊತೆನೇ ಇದ್ದಾರೆ, ಶುಗರ್ ಇದೆ. ಮನೇಲಿ ತೆಲುಗು ಮಾತಾಡ್ತೀವಿ. ಹೆಂಗಿದ್ರೂ ಮನೆ ಶಿಫ್ಟ್ ಮಾಡ್ಲೇಬೇಕು ಅಂದ್ರೆ ಬೆಂಗಳೂರಾ ಹೈದರಾಬಾದಾ, ಬದುಕೋಕೆ ಯಾವ್ದು ಒಳ್ಳೇದು ಸಾರ್?

ಉತ್ತರ: ಮೊದ್ಲು ನನ್ನ ಬಗ್ಗೆ ಎರಡು ಮಾತು ಹೇಳ್ಬಿಡ್ತೀನಿ, ಇಲ್ದಿದ್ರೆ ಇವನ್ಯಾರು ಹೇಳೋಕೆ ಅಂತೀರ. ನಾನು ಕಂಪನಿಗಳ ಎಚ್‌ಆರ್ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಇದ್ದೆ, ಅದ್ರಲ್ಲಿ ಆರು ವರ್ಷ ಹೈದರಾಬಾದು, ಮಿಕ್ಕಿದ್ದು ಬೆಂಗಳೂರು. ಎಷ್ಟೋ ಜನರ ಮನೆ ಸಾಮಾನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹಾಕ್ಸಿದ್ದೇ ನನ್ನ ಕೆಲಸ ಆಗಿತ್ತು. ಈಗ ಚಿಕ್ಕಬಳ್ಳಾಪುರದಲ್ಲಿ ಇದ್ಕೊಂಡು ಕೆಲಸ ಬದಲಾಯಿಸೋರಿಗೆ ಸಲಹೆ ಕೊಡ್ತೀನಿ.

ಬೆಂಗಳೂರು ಹೈದರಾಬಾದು ಅಂದ್ರೆ ರಾಜಕಾರಣಿಗಳಿಗೂ ಒಂಥರಾ ಅಕ್ಕಪಕ್ಕದ ಮನೆ ಜಿದ್ದು ಇದ್ದಂಗೆ. 2022ರಲ್ಲಿ ಬೆಂಗಳೂರಿನ ರಸ್ತೆ ಸರಿ ಇಲ್ಲ ಅಂತ ಒಬ್ಬ ಸ್ಟಾರ್ಟಪ್‌ನೋರು ಟ್ವೀಟ್ ಹಾಕಿದ್ದಕ್ಕೆ ಆಗ ತೆಲಂಗಾಣದ ಮಂತ್ರಿ ಆಗಿದ್ದ ಕೆ.ಟಿ. ರಾಮರಾವ್ ಅವರು ಗಂಟುಮೂಟೆ ಕಟ್ಕೊಂಡು ಹೈದರಾಬಾದಿಗೆ ಬನ್ನಿ ಅಂದಿದ್ರು, ಅದಕ್ಕೆ ನಮ್ಮ ಡಿ.ಕೆ. ಶಿವಕುಮಾರ್ ಅವರು ನಿಮ್ಮ ಸವಾಲು ಒಪ್ಕೊಂಡೆ ಅಂದಿದ್ರು. ಓದೋಕೆ ಮಜಾ ಇರುತ್ತೆ, ಆದ್ರೆ ಗಂಟುಮೂಟೆ ಹೊರೋರು ನೀವು, ಅವರಲ್ಲ.

ದುಡ್ಡಿನ ಲೆಕ್ಕದಿಂದ್ಲೇ ಶುರು ಮಾಡೋಣ, ಯಾಕಂದ್ರೆ ನಿಮ್ಮ ಪ್ರಶ್ನೆಲಿ ನಂಗೆ ಮೊದ್ಲು ಕಣ್ಣಿಗೆ ಬಿದ್ದಿದ್ದು ಅದೇ. 20 ಸಾವಿರ ಜಾಸ್ತಿ ಅಂತ ಬರ್ದಿದ್ದೀರ, ನಿಮ್ಮ ಸಂಬಳ ಎಷ್ಟು ಅಂತ ಬರ್ದೇ ಇಲ್ಲ. ನೀವು ಕನ್ನಡ ಟೀಚರ್ ಕಣಮ್ಮ! ಹೈದರಾಬಾದಲ್ಲಿ ಕನ್ನಡ ಶಾಲೆ ಇಲ್ವೇ ಇಲ್ಲ ಅಂತಲ್ಲ, ಕಾಚಿಗುಡದ ಕಡೆ ಹಳೇ ಕನ್ನಡಿಗರು ಇದ್ದಾರೆ, ನೃಪತುಂಗ ಹೈಸ್ಕೂಲು ಇದೆ, ಕಲಬುರ್ಗಿ ಬೀದರ್ ರಾಯಚೂರೆಲ್ಲ ನಿಜಾಮರ ಕೈಲಿದ್ದ ಕಾಲದಿಂದ ಬಂದ ನಂಟು ಅದು. ಆದ್ರೆ ನಿಮ್ಮೆಜಮಾನ್ರ ಆಫೀಸು ಇರೋ ಕಡೆ ನಿಮ್ಮ ಡಿಗ್ರಿಗೆ ಕೆಲಸ ಹುಡ್ಕೋದು ಕಷ್ಟನೇ, ಅಲ್ಲಿ 2018ರಿಂದ ಎಲ್ಲಾ ಬೋರ್ಡಿನ ಶಾಲೆಲೂ ತೆಲುಗು ಕಡ್ಡಾಯ ಮಾಡಿ ಕಾನೂನೇ ಇದೆ, ಅವರಿಗೆ ಬೇಕಾಗಿರೋದು ತೆಲುಗು ಟೀಚರ್. ಅದೇ ಬೆಂಗಳೂರಲ್ಲಿ ನಮ್ಮ 2015ರ ಕನ್ನಡ ಕಲಿಕೆ ಕಾಯ್ದೆಯಿಂದ ಸಿಬಿಎಸ್‌ಇ ಐಸಿಎಸ್‌ಇ ಶಾಲೆಗಳೂ ಕನ್ನಡ ಟೀಚರ್ ಇಟ್ಕೊಳ್ಲೇಬೇಕು, ನಿಮ್ಮಂಥೋರಿಗೆ ಬೇಡಿಕೆ ಇದೆ.

ಈಗ ಒಂದು ಪೇಪರ್ ತಗೊಳ್ಳಿ. ಬೆಂಗಳೂರು ಅಂದ್ರೆ ಅವರ 80, ನಿಮ್ದು ಒಂದು 20 ಅಂತಿಟ್ಕೊಳ್ಳಿ, ಒಟ್ಟು 1 ಲಕ್ಷ, ಬಾಡಿಗೆ ಮೇಂಟೆನೆನ್ಸು ಸೇರಿ 32 ಸಾವಿರ ಕಳೀರಿ, 68 ಉಳೀತು. ಹೈದರಾಬಾದು ಅಂದ್ರೆ ಅವರ 1 ಲಕ್ಷ, ನಿಮ್ದು ಸೊನ್ನೆ, ಬಾಡಿಗೆ ಮೇಂಟೆನೆನ್ಸು 31 ಕಳೀರಿ, 69. ಸಾವಿರ ರೂಪಾಯಿಗೋಸ್ಕರ ಐನೂರು ಕಿಲೋಮೀಟರ್ ಹೋಗ್ತಿದ್ದೀರ. ಬಾಡಿಗೆ ನಿಮ್ಮ ಏರಿಯಾ ನೋಡ್ಕೊಂಡು ನೀವೇ ತಿದ್ಕೊಳ್ಳಿ, ನಾನು ಹೇಳ್ತಿರೋದು ಲೆಕ್ಕ ಹಾಕೋ ರೀತಿ.

ಅಡ್ವಾನ್ಸ್ ವಿಷ್ಯದಲ್ಲಿ ಮಾತ್ರ ಹೈದರಾಬಾದಿಗೆ ಪೂರ್ತಿ ಮಾರ್ಕ್ಸು. ಬೆಂಗಳೂರಲ್ಲಿ ಹಿಂದೆ ಹತ್ತು ತಿಂಗಳ ಅಡ್ವಾನ್ಸು ಕೇಳ್ತಿದ್ರು, ಈಗ ಐದಾರು ತಿಂಗಳಿಗೆ ಇಳ್ದಿದೆ, ಹೈದರಾಬಾದಲ್ಲಿ ಎರಡು ಮೂರು ತಿಂಗಳದ್ದು ಕೊಟ್ರೆ ಬೀಗದ ಕೈ ಕೊಡ್ತಾರೆ. ಮನೆನೂ ಅದೇ ದುಡ್ಡಿಗೆ ಸ್ವಲ್ಪ ದೊಡ್ಡದು, ಹಾಲ್ ಅಗಲವಾಗಿರುತ್ತೆ. ಬೆಂಗಳೂರಲ್ಲಿ ನಾನು ಮನೆ ಖಾಲಿ ಮಾಡಿದ್ದು ಒಂದ್ಸಲ ಹೇಳ್ತೀನಿ, ಓನರ್ ಬಂದು ಗೋಡೆನೆಲ್ಲ ಮೊಬೈಲ್ ಟಾರ್ಚ್ ಹಾಕಿ ನೋಡಿ, ದೇವ್ರ ಮನೆ ಮೂಲೇಲಿ ಊದ್ಬತ್ತಿ ಹೊಗೆ ಕಟ್ಟಿದೆ ಅಂತ ಪೇಂಟಿಂಗ್ ಚಾರ್ಜು ಒಂದು ತಿಂಗಳ ಬಾಡಿಗೆ, ಡೀಪ್ ಕ್ಲೀನಿಂಗು ಅಂತ ಇನ್ನೊಂದಿಷ್ಟು ಮುರ್ಕೊಂಡ್ರು, ದೇವರಿಗೆ ಊದ್ಬತ್ತಿ ಹಚ್ಚಿದ್ದಕ್ಕೂ ದಂಡ ಕಟ್ಟಿದವನು ನಾನು. ಹೈದರಾಬಾದಲ್ಲಿ ಮುರ್ಕೊಳ್ಳಲ್ಲ ಅಂತಲ್ಲ, ಆದ್ರೆ ಅಡ್ವಾನ್ಸೇ ಎರಡು ತಿಂಗಳದ್ದು ಅಂದ್ರೆ ಮುರ್ಕೊಳ್ಳೋಕೆ ಎಷ್ಟಿರುತ್ತೆ.

ಓಡಾಟ. ನಿಮ್ಮೆಜಮಾನ್ರ ಪಾಡು ನಂಗೆ ಗೊತ್ತು, ನಾನೂ ಎರಡು ವರ್ಷ ಈ ಕಡೆಯಿಂದ ಮಾಡಿದೀನಿ. ಚಿಂತಾಮಣಿ ಬಸ್ಸು ಹೊಸಕೋಟೆ ತನಕ ಪರವಾಗಿಲ್ಲ ಅನ್ನೋ ಹಂಗೆ ಬರುತ್ತೆ, ಕಿಟಕಿ ಪಕ್ಕ ಸೀಟು ಸಿಕ್ರೆ ಒಂದು ನಿದ್ದೆನೂ ಆಗುತ್ತೆ, ಕೆ.ಆರ್. ಪುರಂ ತೂಗುಸೇತುವೆ ಹತ್ರ ಇಳ್ದು ರಿಂಗ್ ರೋಡ್ ಬಸ್ಸು ಹತ್ತಿದ್ಮೇಲೆ ಶುರು ಆಗೋದು ನಿಜವಾದ ಪ್ರಯಾಣ, ಅಲ್ಲಿ ತನಕ ಬಂದಷ್ಟೇ ಹೊತ್ತು ಉಳಿದ ಹನ್ನೆರಡು ಹದಿಮೂರು ಕಿಲೋಮೀಟರಿಗೆ ಹಿಡಿಯೋ ದಿನಗಳಿವೆ, ಅದ್ರಲ್ಲೂ ಮಳೆ ಬಂದ್ರೆ ಕೇಳ್ಲೇಬೇಡಿ, ಮಾರತ್‌ಹಳ್ಳಿಲಿ ನಿಂತ ಬಸ್ಸಲ್ಲಿ ಮಧ್ಯಾಹ್ನಕ್ಕೆ ಅಂತ ತಂದ ಚಿತ್ರಾನ್ನನ ಬೆಳಗ್ಗೆನೇ ತಿಂದು ಮುಗ್ಸಿರೋರನ್ನ ನೋಡಿದೀನಿ. ಆ ರಿಂಗ್ ರೋಡಿನ ಮೇಲೆ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರಕ್ಕೆ ಮೆಟ್ರೋ ಬ್ಲೂ ಲೈನ್ ಕೆಲಸ ಶುರುವಾಗಿ ವರ್ಷಗಳೇ ಆಯ್ತು. ಅದು ಓಡೋಕೆ ಶುರುವಾದ ದಿನ ನಿಮ್ಮೆಜಮಾನ್ರ ಜೀವನದಲ್ಲಿ ಅರ್ಧ ಕಷ್ಟ ಕಮ್ಮಿ, ಆದ್ರೆ ಅದನ್ನ ನಂಬ್ಕೊಂಡು ಇವತ್ತು ಅಡ್ವಾನ್ಸ್ ಕೊಡ್ಬೇಡಿ.

ಹೈದರಾಬಾದಿನ ರಸ್ತೆ ಅಗಲ, ಇದನ್ನ ಒಪ್ಕೊಳ್ಳೋಕೆ ನಂಗೇನೂ ನಾಚಿಕೆ ಇಲ್ಲ. ಅವರ ಔಟರ್ ರಿಂಗ್ ರೋಡು 158 ಕಿಲೋಮೀಟರ್, ಎಂಟು ಲೇನು, ಊರಿನ ಹೊರಗೇ ಸುತ್ತು ಹಾಕುತ್ತೆ, ನಡುವೆ ಸಿಗ್ನಲ್ ಇಲ್ಲ. ನಮ್ದು ಹೆಸರಿಗೆ ಔಟರ್, ಇವತ್ತು ಊರಿನ ಹೊಟ್ಟೆ ಒಳಗಿದೆ. ಆದ್ರೆ ಅಲ್ಲೂ ಮಾಧಾಪುರ, ಗಚ್ಚಿಬೌಲಿ, ಬಯೋಡೈವರ್ಸಿಟಿ ಜಂಕ್ಷನ್‌ನಲ್ಲಿ ಸಂಜೆ ಆರಕ್ಕೆ ನಿಂತು ನೋಡಿ, ಬೆಂಗಳೂರು ನೆನಪಾಗುತ್ತೆ. ಇನ್ನೊಂದು ವಿಷ್ಯ ಜನ ಸರಿಯಾಗಿ ಹೇಳಲ್ಲ. ಹೈದರಾಬಾದ್ ಮೆಟ್ರೋ 2017ರ ನವೆಂಬರಿಂದ ಓಡ್ತಿದೆ, ಚೆನ್ನಾಗಿದೆ, ಆದ್ರೆ ಪಡುವಣ ದಿಕ್ಕಲ್ಲಿ ರಾಯದುರ್ಗಂ ಸ್ಟೇಷನ್‌ಗೆ ನಿಂತೋಗುತ್ತೆ, ಫೈನಾನ್ಷಿಯಲ್ ಡಿಸ್ಟ್ರಿಕ್ಟು, ನಾನಕ್‌ರಾಮ್‌ಗುಡ ಆ ಕಡೆ ಆಫೀಸು ಅಂದ್ರೆ ಮುಂದಕ್ಕೆ ಆಟೋನೋ ಕಂಪನಿ ಕ್ಯಾಬೋ. ಅಲ್ಲಿ ಅನುಕೂಲ ಇರೋದು ಬೇರೆ ಕಡೆ: ಐಟಿ ಕೆಲಸ ಹೆಚ್ಚು ಕಮ್ಮಿ ಎಲ್ಲಾ ಊರಿನ ಒಂದೇ ಮಗ್ಗುಲಲ್ಲಿದೆ. ಕೊಂಡಾಪುರದಲ್ಲೋ ಮಣಿಕೊಂಡದಲ್ಲೋ ಒಂದ್ಸಲ ಮನೆ ಮಾಡಿದ್ರೆ ನಾಳೆ ಕಂಪನಿ ಬದಲಾದ್ರೂ ಮನೆ ಬದಲಾಯಿಸೋ ಅಗತ್ಯ ಇಲ್ಲ. ಬೆಂಗಳೂರಲ್ಲಿ ವೈಟ್‌ಫೀಲ್ಡಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸ ಬದಲಾದ್ರೆ ಬೇರೆ ಜಿಲ್ಲೆಗೆ ವರ್ಗ ಆದಂಗೆ, ಮಕ್ಕಳ ಟಿಸಿ ತಗೊಂಡು ಹೋಗ್ಬೇಕು.

ಆದ್ರೆ ಆ ಇನ್ನೊಂದು ಕಂಪನಿ ಇರ್ಬೇಕಲ್ಲ, ಅದ್ರಲ್ಲಿ ಬೆಂಗಳೂರೇ ಮೇಲು. ಹೈದರಾಬಾದಲ್ಲಿ ಮೈಕ್ರೋಸಾಫ್ಟ್ 1998ರಿಂದ ಇದೆ, ಅಮೆಜಾನ್‌ನ ಭಾರೀ ಕ್ಯಾಂಪಸ್ಸು 2019ರಲ್ಲಿ ಬಂತು, ದೊಡ್ಡ ಕಂಪನಿಗಳಿಗೇನೂ ಬರ ಇಲ್ಲ. ಸಣ್ಣ, ನಡುಗಾತ್ರದ ಕಂಪನಿ, ಸ್ಟಾರ್ಟಪ್ಪು, ಇವೆಲ್ಲ ಬೆಂಗಳೂರಲ್ಲಿ ಇರೋ ದಟ್ಟಣೆ ಅಲ್ಲಿಲ್ಲ. ಟೆಸ್ಟಿಂಗ್ ಕೆಲಸಕ್ಕೆ ಈಗ ಎಲ್ಲಾ ಕಡೆ ಕತ್ತರಿ ಬೀಳ್ತಿದೆ, ನಾಲ್ಕು ಬಾಗಿಲು ತಟ್ಟೋ ಬದಲು ನಲವತ್ತು ಬಾಗಿಲು ತಟ್ಟೋ ಊರಲ್ಲಿ ಇರೋದು ವಾಸಿ ಅಂತ ನಾನು ನಂಬ್ತೀನಿ.

ನೀರಿನ ವಿಷ್ಯಕ್ಕೆ ಬಂದ್ರೆ ನಮ್ಮ ಜಿಲ್ಲೆಯೋರಿಗೆ ಒಂದು ತಮಾಷೆ ಇದೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದಾಗ ಪ್ರವಾಹ ತಡೆಯೋಕೆ ಪ್ಲಾನ್ ಹಾಕ್ಕೊಟ್ಟಿದ್ದು ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ಅದ್ರಿಂದಾನೇ 1920ರಲ್ಲಿ ಉಸ್ಮಾನ್ ಸಾಗರ್, 1927ರಲ್ಲಿ ಹಿಮಾಯತ್ ಸಾಗರ್ ಆಗಿದ್ದು. ಉಸ್ಮಾನ್ ಸಾಗರನ ಅಲ್ಲಿಯೋರು ಗಂಡಿಪೇಟೆ ಅಂತಾರೆ, ಗಂಡಿಪೇಟೆ ನೀರು ಕುಡಿದೋನು ಹೈದರಾಬಾದ್ ಬಿಟ್ಟು ಹೋಗಲ್ಲ ಅಂತ ಒಂದು ಮಾತೂ ಇದೆ. ನಾನು ಆರು ವರ್ಷ ಕುಡಿದು ವಾಪಸ್ ಬಂದೆ, ಬಹುಶಃ ನಂಗೆ ಸಿಕ್ಕಿದ್ದು ಟ್ಯಾಂಕರ್ ನೀರು. ಈಗ ಹೈದರಾಬಾದಿಗೆ ಕೃಷ್ಣೆ, ಗೋದಾವರಿ, ಮಂಜೀರ ಮೂರೂ ಕಡೆಯಿಂದ ನೀರು ಬರುತ್ತೆ, ಮನೆಗೆ ತಿಂಗಳಿಗೆ 20 ಸಾವಿರ ಲೀಟರ್ ತನಕ ಫ್ರೀ ಅಂತ 2021ರಲ್ಲಿ ಸ್ಕೀಮು ತಂದ್ರು. ಬೆಂಗಳೂರಿಗೆ ಇರೋದು ಒಬ್ಬಳೇ ಕಾವೇರಿ, ಅವಳನ್ನೂ ನೂರು ಕಿಲೋಮೀಟರ್ ದೂರದಿಂದ ಪಂಪ್ ಹೊಡ್ದು ಬೆಟ್ಟ ಹತ್ತಿಸಿದಂಗೆ ಮೇಲಕ್ಕೆ ತರ್ಬೇಕು. 2024ರ ಬೇಸಿಗೆಲಿ ಮಹದೇವಪುರದ ಕಡೆ ಅಪಾರ್ಟ್‌ಮೆಂಟೋರು ಟ್ಯಾಂಕರಿಗೆ ಕಾದಿದ್ದು ನೀವೂ ಟಿವೀಲಿ ನೋಡಿರ್ತೀರ. ಅದೇ ವರ್ಷ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು, ಊರಂಚಿನ 110 ಹಳ್ಳಿಗಳಿಗೆ ಅಂತ. ಹಾಗಾಗಿ ಮನೆ ನೋಡೋಕೆ ಹೋದಾಗ ಟೈಲ್ಸ್ ನೋಡ್ಬೇಡಿ, ಕಾವೇರಿ ಕನೆಕ್ಷನ್ ಇದ್ಯಾ, ವಾರಕ್ಕೆ ಎಷ್ಟು ದಿನ ಬಿಡ್ತಾರೆ, ಹೋದ್ ಏಪ್ರಿಲಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ರಿ ಅಂತ ವಾಚ್‌ಮನ್‌ನ ಕೇಳಿ, ಓನರ್‌ನ ಅಲ್ಲ. (ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆ ಆಗಿ ಹೆಬ್ಬಾಳ ನಾಗವಾರ ವ್ಯಾಲಿ ಪೈಪಲ್ಲಿ ನಮ್ಮ ಕಂದವಾರ ಕೆರೆಗೆ ಬರುತ್ತೆ ಅನ್ನೋದು ಬೇರೆ ಕಥೆ, ಅದನ್ನ ಎತ್ತಿದ್ರೆ ಇವತ್ತು ಮುಗಿಯಲ್ಲ.)

ಹವಾ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಹೈದರಾಬಾದು 500 ಚಿಲ್ಲರೆ. ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿ 40 ದಾಟುತ್ತೆ, ಮಧ್ಯಾಹ್ನ ಹನ್ನೊಂದರಿಂದ ನಾಲ್ಕರ ತನಕ ವಯಸ್ಸಾದೋರು ಹೊರಗೆ ಕಾಲಿಡೋ ಹಾಗಿಲ್ಲ. ಶುಗರ್ ಇರೋ ನಿಮ್ಮತ್ತೆಗೆ ಬೆಳಗ್ಗೆ ವಾಕಿಂಗು ಬೇಕು, ಅಲ್ಲಿ ಬೇಸಿಗೆಲಿ ಅಂದ್ರೆ ಆರು ಗಂಟೆಗೆ ಮುಗಿಸ್ಬಿಡ್ಬೇಕು. ಹೋದ್ರೂ ಮೇಲಿನ ಮಹಡಿ ಮನೆ ಬೇಡ, ತಾರಸಿ ಕಾದು ರಾತ್ರಿ ಎಲ್ಲಾ ಬಿಸಿ ಉಗುಳುತ್ತೆ.

ಆದ್ರೆ ಅತ್ತೆಯ ವಿಷ್ಯದಲ್ಲೇ ಹೈದರಾಬಾದಿಗೆ ಒಂದು ದೊಡ್ಡ ಪ್ಲಸ್ಸು ಇದೆ, ಭಾಷೆ. ಮನೇಲಿ ತೆಲುಗು ಆಡೋರಿಗೆ ಅಲ್ಲಿ ಸೊಪ್ಪಿನೋಳ ಹತ್ರಾನೂ ಲಿಫ್ಟ್‌ನಲ್ಲಿ ಸಿಗೋ ಅಜ್ಜಿ ಹತ್ರಾನೂ ಮಾತು ಸಿಗುತ್ತೆ. ಮೊದಲ ತಿಂಗಳು ಸ್ವಲ್ಪ ನಗು ಬರುತ್ತೆ ಅಷ್ಟೇ, ನಮ್ಮ ಚಿಂತಾಮಣಿ ಬಾಗೇಪಲ್ಲಿ ತೆಲುಗು ರಾಯಲಸೀಮೆದು, ಅರ್ಧ ಕನ್ನಡ ಬೆರ್ತಿರುತ್ತೆ, ಅವರದ್ರಲ್ಲಿ ಉರ್ದು ಬೆರ್ತಿರುತ್ತೆ. ನಮ್ಮಮ್ಮನ ಮಾತು ಕೇಳಿ ನಮ್ಮ ಅಪಾರ್ಟ್‌ಮೆಂಟಿನ ಕೆಲಸದಾಕೆ ನೀವು ಅನಂತಪುರದೋರಾ ಅಂತ ಕೇಳಿದ್ಲು, ಅಮ್ಮ ಒಂದು ವಾರ ಎಲ್ರಿಗೂ ಫೋನ್ ಮಾಡಿ ಅದನ್ನೇ ಹೇಳಿದ್ರು. ಈಗ ನಮ್ಮ ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡೋಕೆ 2025ರಲ್ಲಿ ನಂದಿ ಬೆಟ್ಟದ ಕ್ಯಾಬಿನೆಟ್ ಮೀಟಿಂಗಲ್ಲಿ ತೀರ್ಮಾನ ಆಯ್ತಲ್ಲ, ಹೈದರಾಬಾದಿಗೂ ಕೆಲವರು ಭಾಗ್ಯನಗರ ಅಂತಾರೆ, ಒಂದೇ ಹೈವೇ ಮೇಲೆ ಎರಡು ಭಾಗ್ಯನಗರ, ಬಸ್ ಕಂಡಕ್ಟರ್ ಗತಿ ಏನೋ.

ಊಟ? ಇಡ್ಲಿಗೆ ಕಾಯಿ ಚಟ್ನಿ ಇಲ್ಲ, ಕಡ್ಲೆಕಾಯಿ ಚಟ್ನಿ, ಪಕ್ಕದಲ್ಲಿ ಶುಂಠಿ ಚಟ್ನಿ. ಬೆಳಗ್ಗೆ ಎದ್ದು ದರ್ಶಿನಿಲಿ ನಿಂತ್ಕೊಂಡು ಖಾರಾಬಾತು ಫಿಲ್ಟರ್ ಕಾಫಿ ಅನ್ನೋ ಅಭ್ಯಾಸ ಇರೋರಿಗೆ ಮೊದ್ಲು ಬೇಜಾರಾಗುತ್ತೆ, ಆಮೇಲೆ ಇರಾನಿ ಚಾಯ್ ಜೊತೆ ಉಸ್ಮಾನಿಯಾ ಬಿಸ್ಕೆಟ್ ಅದ್ದಿ ತಿನ್ನೋದು ಅಂಟ್ಕೊಳ್ಳುತ್ತೆ. ಮುದ್ದೆ ಕಥೆ ಮಾತ್ರ ಹೇಳ್ಲೇಬೇಕು. ಅಮ್ಮನಿಗೆ ಮುದ್ದೆ ಇಲ್ದೆ ನಾಲಗೆ ಸತ್ತೋಗಿದೆ ಅಂತ ಅಮೀರ್‌ಪೇಟೆಲಿ ಒಂದು ರಾಯಲಸೀಮೆ ಹೋಟೆಲಿಗೆ ಕರ್ಕೊಂಡೋಗಿ ರಾಗಿ ಸಂಗಟಿ, ನಾಟಿಕೋಳಿ ಪುಲುಸು ಹೇಳ್ದೆ. ಸಂಗಟಿ ಬಂತು, ಅಮ್ಮ ಬೆರಳಲ್ಲಿ ಮುರಿದ್ರು, ಒಳಗೆ ಅನ್ನದ ಅಗುಳು. ಸುತ್ತ ನೋಡಿ ಮೆಲ್ಲಗೆ, "ಮುದ್ದೆ ಒಳಗೆ ಅನ್ನ ಬಚ್ಚಿಟ್ಟವ್ರಲ್ಲೋ" ಅಂದ್ರು. ಅವತ್ತಿಂದ ಊರಿಂದ ಬರೋ ಬಸ್ಸಲ್ಲಿ ರಾಗಿ ಹಿಟ್ಟು, ಮಾಗಿ ಕಾಲದಲ್ಲಿ ಅವರೆಕಾಯಿ ಮೂಟೆ ತರ್ಸೋದು ಶುರು ಮಾಡ್ದೆ.

ಮಕ್ಕಳ ಓದಿನ ವಿಷ್ಯದಲ್ಲಿ ಎಲ್ರೂ ನಿಮ್ಮನ್ನ ಹೆದರಿಸ್ತಾರೆ, ಕರ್ನಾಟಕದಲ್ಲಿ ಏಳು ವರ್ಷ ಓದಿಲ್ಲ ಅಂದ್ರೆ ಸಿಇಟಿ ಸೀಟು ಇಲ್ಲ ಅಂತ. ಅದು ಅರ್ಧ ಸತ್ಯ. ಒಂದನೇ ಕ್ಲಾಸಿಂದ ಸೆಕೆಂಡ್ ಪಿಯು ಒಳಗೆ ಏಳು ವರ್ಷ ಇಲ್ಲಿ ಓದಿರ್ಬೇಕು, ಎಸ್ಸೆಸ್ಸೆಲ್ಸಿನೋ ಪಿಯುಸಿನೋ ಇಲ್ಲೇ ಪಾಸಾಗಿರ್ಬೇಕು ಅನ್ನೋದು ಮೊದಲ್ನೇ ನಿಯಮ. ಇನ್ನೊಂದು ನಿಯಮನೂ ಇದೆ, ಮಗು ಎರಡೂ ವರ್ಷದ ಪಿಯು ಇಲ್ಲಿ ಓದಿ ಪಾಸಾಗಿ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ರು ಏಳು ವರ್ಷ ಕರ್ನಾಟಕದಲ್ಲಿ ಓದಿದ್ರೆ ಸಾಕು. ನೀವಿಬ್ರೂ ಇಲ್ಲೇ ಓದಿರೋರು ಅಂದ್ಕೊಂಡಿದ್ದೀನಿ, ಹಾಗಾಗಿ ನಿಮ್ಗೆ ಗಡುವು ಅಂದ್ರೆ ಮಗಳ ಹತ್ತನೇ ಕ್ಲಾಸು ಮುಗಿಯೋದು, ಅಷ್ಟೊತ್ತಿಗೆ ವಾಪಸ್ ಬಂದಿರ್ಬೇಕು. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಮಾತ್ರ ಒಂದರಿಂದ ಹತ್ತು ಪೂರ್ತಿ ಇಲ್ಲಿನ ಹಳ್ಳಿಲೋ ಕನ್ನಡ ಮಾಧ್ಯಮದಲ್ಲೋ ಓದಿದೋರಿಗೆ, ಅದು ಕೈಬಿಟ್ಟೋಗುತ್ತೆ. ಎಲ್ಲಿಗೆ ಹೋದ್ರೂ ನಿಮ್ಮಿಬ್ಬರ ಹಳೇ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಗೊಂಡು ಬಿಇಒ ಸಹಿ ಹಾಕ್ಸಿ ಇಟ್ಕೊಂಡ್ಬಿಡಿ, ಹಳ್ಳಿ ಶಾಲೆಗಳು ಮುಚ್ಚಿ ರಿಜಿಸ್ಟರ್ ಎಲ್ಲೋ ಸೇರಿದ್ಮೇಲೆ ಹುಡುಕೋದು ಬೇಡ. ನನ್ನ ಕೇಳಿದ್ರೆ ನಿಜವಾದ ಕಷ್ಟ ಸೀಟಿಂದಲ್ಲ, ಕನ್ನಡದ್ದು. ಐದು ವರ್ಷ ತೆಲುಗು ಬರ್ದು ಬಂದ ಮಗು ಒಂಬತ್ತನೇ ಕ್ಲಾಸಲ್ಲಿ ಕನ್ನಡ ಪೇಪರ್ ಮುಂದೆ ಕೂರುತ್ತೆ, ಎರಡೂ ಲಿಪಿ ಅಕ್ಕ ತಂಗಿ ಥರ ಇರೋದ್ರಿಂದ ತಲಕಟ್ಟು ಎಲ್ಲಾ ಕಲೆಸಿ ಬರೆಯುತ್ತೆ. ಆದ್ರೆ ಕನ್ನಡ ಟೀಚರ್ ಮನೆಲೇ ಇದ್ದಾರಲ್ಲ, ನಿಮ್ಮ ಮಕ್ಕಳಿಗೆ ಆ ಭಯ ಕಮ್ಮಿ.

ಇಷ್ಟೆಲ್ಲ ಆದ್ಮೇಲೂ ನಾನು ನಿಮ್ಗೆ ಬೆಂಗಳೂರೇ ಅಂತ ಹೇಳೋದು, ಕಾರಣ ಹೇಳ್ತೀನಿ. ನಾನು ಹೈದರಾಬಾದಲ್ಲಿದ್ದ ಐದನೇ ವರ್ಷ, ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು, ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಎದ್ದೇಳೋಕಾಗ್ತಿಲ್ಲ. ಬಸ್ಸೆಲ್ಲ ಹೊರಟೋಗಿತ್ತು. ಕಾರ್ ತಗೊಂಡು ಹೊರಟೆ, ಜಡ್ಚರ್ಲ ದಾಟಿದ್ದು ನೆನಪಿದೆ, ಕರ್ನೂಲಲ್ಲಿ ಪೆಟ್ರೋಲ್ ಹಾಕ್ಸಿದ್ದು ನೆನಪಿದೆ, ಗುತ್ತಿ ಹತ್ರ ಕಣ್ಣು ಎಳೀತಿದೆ ಅಂತ ನಿಲ್ಸಿ ಮುಖಕ್ಕೆ ನೀರು ಹಾಕ್ಕೊಂಡೆ. ಬಾಗೇಪಲ್ಲಿ ಟೋಲ್ ಹತ್ರ ಬಂದಾಗ ಬೆಳಕು ಹರಿದು ಹೂವಿನ ಗಾಡಿಗಳು ಚಿಕ್ಕಬಳ್ಳಾಪುರ ಮಾರ್ಕೆಟ್ಟಿಗೆ ಹೋಗ್ತಿದ್ವು. ನಾನು ಆಸ್ಪತ್ರೆ ಮುಟ್ಟೋ ಹೊತ್ತಿಗೆ ಎಕ್ಸ್‌ರೇ ಆಗಿ, ಕಾಲಿಗೆ ಕಟ್ಟು ಹಾಕಿ, ಅಪ್ಪನಿಗೆ ಯಾರೋ ಕಾಫಿನೂ ಕುಡಿಸಿದ್ರು. ಎಲ್ಲಾ ಮಾಡಿದ್ದು ಪಕ್ಕದ ಮನೆ ಹುಡುಗರು, ಒಬ್ಬ ನನ್ನ ನೋಡಿ "ಅಣ್ಣ ನೀವು ಈಗ ಮಲಗಿ, ನಾನಿರ್ತೀನಿ" ಅಂದ. ಬೆಂಗಳೂರಲ್ಲಿದ್ದಿದ್ರೆ ಒಂದೂವರೆ ಗಂಟೆ ದಾರಿ. ಮುಂದಿನ ವರ್ಷ ವಾಪಸ್ ಬಂದೆ, ಸಂಬಳ ಕಮ್ಮಿ ತಗೊಂಡೇ ಬಂದೆ.

ನಿಮ್ಮತ್ತೆ ನಿಮ್ಜೊತೆನೇ ಬರ್ತಾರೆ ಸರಿ, ಆದ್ರೆ ನಿಮ್ಮಪ್ಪ ಅಮ್ಮ? ತಿಥಿ, ನಾಮಕರಣ, ಕೈವಾರದ ಜಾತ್ರೆ, ಜಮೀನಿನ ಪಹಣಿ ತಿದ್ದುಪಡಿ, ಇವೆಲ್ಲಕ್ಕೂ ಹೈದರಾಬಾದಿಂದ ಬರೋದಂದ್ರೆ ಎರಡು ರಾತ್ರಿ ಬಸ್ಸಲ್ಲಿ, ಹಬ್ಬದ ಸೀಸನ್ನಲ್ಲಿ ಟಿಕೆಟ್ಟು ಕೇಳಿದ್ರೆ ಹಬ್ಬನೇ ಬೇಡ ಅನ್ಸುತ್ತೆ. ಊರಾಗಿ ನೋಡಿದ್ರೆ ಬದುಕೋಕೆ ಹೈದರಾಬಾದೇ ಆರಾಮು, ಮದುವೆ ಆಗದ ಹುಡುಗ ಕೇಳಿದ್ರೆ ಕಣ್ಮುಚ್ಕೊಂಡು ಹೋಗಪ್ಪ ಅಂತಿದ್ದೆ.

ನೀವು ಬೆಂಗಳೂರಲ್ಲಿ ಬೆಳ್ಳಂದೂರ್ ಪಕ್ಕದಲ್ಲೇ ಮನೆ ಮಾಡ್ಬೇಡಿ, ಕೆ.ಆರ್. ಪುರಂ, ಟಿನ್ ಫ್ಯಾಕ್ಟರಿ, ರಾಮಮೂರ್ತಿನಗರ ಆ ಸುತ್ತ ನೋಡಿ. ಚಿಂತಾಮಣಿ ಬಸ್ಸು ಮನೆ ಹತ್ರಾನೇ ಸಿಗುತ್ತೆ, ಪರ್ಪಲ್ ಲೈನ್ ಮೆಟ್ರೋ ಇದೆ, ನಿಮ್ಗೆ ಕೆಲಸ ಸಿಗೋ ಶಾಲೆಗಳು ಆ ಸುತ್ತ ತುಂಬಾ ಇವೆ. ನಿಮ್ಮೆಜಮಾನ್ರಿಗೆ ರಿಂಗ್ ರೋಡ್ ಗೋಳು ತಪ್ಪಲ್ಲ, ಆದ್ರೆ ಐದು ಗಂಟೆ ಇದ್ದಿದ್ದು ಎರಡಕ್ಕೆ ಇಳಿಯುತ್ತೆ.

ಅವರು ಈಗಿನ ಕಂಪನಿಗೆ ರಾಜೀನಾಮೆ ಹಾಕೋ ಮುಂಚೆ ಎರಡು ವಿಷ್ಯ ಮೇಲ್ ಮಾಡಿ ಕೇಳ್ಲಿ, ಬಾಯಿ ಮಾತು ಬೇಡ. ಹೈದರಾಬಾದ್ ಕಂಪನಿಗೆ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರ್ಬೇಕು ಅಂತ. ತಿಂಗಳಿಗೆ ಒಂದು ವಾರ ಬಂದ್ರೆ ಸಾಕು ಅಂದ್ರೆ ನಾನು ಮೇಲೆ ಬರ್ದಿದ್ದೆಲ್ಲ ಹರಿದು ಬಿಸಾಕಿ, ಚಿಂತಾಮಣಿ ಮನೆಲೇ ಇರಿ. ಈಗಿನ ಕಂಪನಿಗೆ, ಈ ಆಫರ್ ತೋರ್ಸಿದ್ರೆ ಎಷ್ಟು ಏರಿಸ್ತೀರ ಅಂತ. ಅಕಸ್ಮಾತ್ ಹೈದರಾಬಾದೇ ಅಂತ ತೀರ್ಮಾನ ಆದ್ರೆ, ಕಾರಿದ್ರೆ ಅದನ್ನ ಆರು ತಿಂಗಳು ಇಲ್ಲೇ ಬಿಡಿ, ಹನ್ನೆರಡು ತಿಂಗಳು ಮೀರಿ ಅಲ್ಲಿ ಇಟ್ಕೊಂಡ್ರೆ ಎನ್‌ಒಸಿ ತಂದು ಅಲ್ಲಿನ ನಂಬರ್ ಹಾಕ್ಸಿ ಅಲ್ಲಿನ ಟ್ಯಾಕ್ಸ್ ಕಟ್ಬೇಕು, ಇಲ್ಲಿ ಕಟ್ಟಿದ ಲೈಫ್ ಟ್ಯಾಕ್ಸ್ ವಾಪಸ್ ತಗೊಳ್ಳೋಕೆ ಆರ್‌ಟಿಓ ಅಲೆಯೋದು ಬೇರೆ. ಆ ಎರಡು ಮೇಲಿಗೆ ಉತ್ತರ ಬಂದ್ಮೇಲೆ ಇನ್ನೊಂದ್ಸಲ ಬರೀರಿ, ನಿಮ್ಮ ಸಂಬಳನೂ ಸೇರ್ಸಿ ಬರೀರಿ ಈ ಸಲ.